ಹಳೆಯ ಮನೆಯ ಮೇಲೆ ಹೊರಿಸುವ ಹೊಸ ತಪ್ಪುಗಳು

ಕಡಲಂಚಿನ ಪಾರಂಪರಿಕ ಮನೆಯೊಂದರಲ್ಲಿ ಅತ್ತೆ, ಮಕ್ಕಳು, ಮೈದುನನ ಸಂಸಾರ ಎಲ್ಲರೂ ಸೇರಿ ಎರಡು ರಾತ್ರಿ ಕಳೆದು ಬರೋಣವೆಂದು ಹೊರಟ ನಾವು ಒಂದೇ ರಾತ್ರಿಗೆ ಗಂಟುಮೂಟೆ ಕಟ್ಟಿಕೊಂಡು ಹಿಂತಿರುಗಿದ್ದೇವೆ. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು, ಏನು ಕೇಳಿದರೂ ಅಲ್ಲಿನ ವ್ಯವಸ್ಥಾಪಕರು ಕೊಡುತ್ತಿದ್ದ ಒಂದೇ ಉತ್ತರ: "ಹಳೆಯ ಮನೆ ಅಲ್ಲವೇ ಮೇಡಂ, ಹೀಗೇ ಇರುತ್ತದೆ."

ಬಾಗಿಲು ತೆರೆದ ಕೂಡಲೇ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಮಲಗುವ ಕೋಣೆಯ ಗೋಡೆಯಲ್ಲಿ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆಯೆದ್ದು ಹಕ್ಕಳೆಹಕ್ಕಳೆಯಾಗಿ ಕಳಚುತ್ತಿತ್ತು. ಬೆರಳಾಡಿಸಿದರೆ ಬಿಳಿಯ ಉಪ್ಪಿನ ಪುಡಿ ಉದುರುತ್ತಿತ್ತು. ಇದು ಹಳೆಯ ಮನೆಯ ಗುಣವಲ್ಲ. ಸುಣ್ಣದ ಗಾರೆಯ ದಪ್ಪ ಕಲ್ಲುಗೋಡೆ ನೆಲದಿಂದಲೂ ಕಡಲಗಾಳಿಯಿಂದಲೂ ತೇವವನ್ನು ಹೀರುತ್ತದೆ, ನಿಜ. ಆದರೆ ಹೀರಿದ್ದನ್ನು ಸುಣ್ಣದ ಗಿಲಾವಿನ ಮೂಲಕ ಹೊರಕ್ಕೂ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವಕ್ಕೆ ಹೊರದಾರಿಯಿಲ್ಲದೆ ಅದು ಒಳಗೊಳಗೇ ಮೇಲಕ್ಕೇರುತ್ತದೆ, ಜೊತೆಗೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಸಿಡಿಸುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಈ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುವುದರಿಂದ, ಕಡಲ ಬದಿಯಲ್ಲಿ ಅಂಥ ಗೋಡೆ ಒಣಗುವ ಮಾತೇ ಇಲ್ಲ. ನಮ್ಮದೇ ಹಳೆಯ ಮನೆಗೆ ಇದೇ ತಪ್ಪು ಮಾಡಿ ಸುಣ್ಣದ ಕೆಲಸ ಬಲ್ಲ ಗಾರೆಯವರಿಂದ ಬೈಸಿಕೊಂಡವಳು ನಾನು, ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಕಿಟಕಿಗಳ ಕಥೆ ಇನ್ನೂ ಘೋರ. ಹಗಲು ಕಡಲಿನಿಂದ, ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿ ಕೋಣೆಯನ್ನು ಹಾದುಹೋಗಲೆಂದು ಕಟ್ಟಿದವರು ಎದುರುಬದುರು ಕಿಟಕಿ ಇಟ್ಟಿದ್ದರು. ಈಗ ಒಂದು ಬದಿಯ ಕಿಟಕಿಯನ್ನು ಸ್ನಾನದ ಮನೆಗಾಗಿ ಮುಚ್ಚಿದ್ದಾರೆ, ಇನ್ನೊಂದಕ್ಕೆ ಎಸಿಯ ಸಲುವಾಗಿ ತೆರೆಯಲಾಗದ ಗಾಜು ಜಡಿದಿದ್ದಾರೆ. ಉಬ್ಬಸವಿರುವ ಅತ್ತೆ ರಾತ್ರಿಯಿಡೀ ಜಗಲಿಯ ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡಿದರು.

ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತೇನೋ. ಬೆಳಿಗ್ಗೆ ಮಹಡಿಯ ಮೊಗಸಾಲೆಯಲ್ಲಿ ಮಕ್ಕಳು ಕಡಲು ನೋಡಲು ಒರಗಿದ ಕಬ್ಬಿಣದ ಕಟಕಟೆಯನ್ನು ಮೈದುನ ಅನುಮಾನದಿಂದ ಅಲುಗಾಡಿಸಿದಾಗ ಒಂದು ಸರಳು ಬುಡದ ಕಲ್ಲಿನ ಚೂರಿನ ಸಮೇತ ಅವನ ಕೈಗೇ ಬಂತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ತನ್ನನ್ನು ನೆಟ್ಟ ಕಲ್ಲನ್ನೇ ಸೀಳುತ್ತದೆ. ಉಪ್ಪುಗಾಳಿಯಲ್ಲಿ ಇದು ಬಲುಬೇಗ ಆಗುತ್ತದೆಂಬುದು ಕಡಲ ಬದಿಯಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ತಿಳಿದಿರಲೇಬೇಕು. ಬಿರುಕಿನ ಮೇಲೆ ಬಣ್ಣ ಬಳಿದದ್ದನ್ನು ನೋಡಿದರೆ ತಿಳಿದೂ ಮುಚ್ಚಿದ್ದಾರೆಂದೇ ನನಗನ್ನಿಸುತ್ತದೆ. ಸರಳನ್ನು ಮೇಜಿನ ಮೇಲಿಟ್ಟು ಕೇಳಿದಾಗಲೂ ಬಂದದ್ದು ಅದೇ ಉತ್ತರ, ಅದೇ ನಗು.

ಎರಡನೆಯ ರಾತ್ರಿಯ ಬಾಡಿಗೆ ಹಿಂತಿರುಗಿಸಿ ಎಂದರೆ, "ಹಳೆಯ ಕಟ್ಟಡದ ಸಹಜ ಲಕ್ಷಣಗಳ" ಬಗ್ಗೆ ಷರತ್ತುಗಳಲ್ಲಿ ಮೊದಲೇ ತಿಳಿಸಿದ್ದೇವೆ ಎಂದರು. ಸಿಮೆಂಟು, ಗಾಜು, ತುಕ್ಕಿನ ಮೇಲಿನ ಬಣ್ಣ, ಈ ಮೂರರಲ್ಲಿ ಯಾವುದು ಹಳೆಯದೆಂದು ಬರಹದಲ್ಲಿ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಮ್ಮ ವಾಸ್ತವ್ಯಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಸಂದೇಶ ಮಾತ್ರ ಎರಡು ಬಾರಿ ಬಂದಿದೆ.