ಐದು ಸಾವಿರ ವರ್ಷದ ರವಿಕೆ ಹೊಲಿಯುವ ಕ್ರಮ

ಸೀರೆ, ಬ್ಲೌಸು, ಪೆಟಿಕೋಟು ನಮ್ಮ ಐದು ಸಾವಿರ ವರ್ಷದ ಸಂಸ್ಕೃತಿ ಎಂದು ಮೈಕ್ ಸಿಕ್ಕವರೆಲ್ಲ ಗುಡುಗುತ್ತಾರೆ. ಮೂರರಲ್ಲಿ ಎರಡು ಪದ ಇಂಗ್ಲಿಷಿನವು ಎಂಬುದು ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಇರಲಿ, ಅಂಥ ಪುರಾತನ ರವಿಕೆಯನ್ನು ಹೊಲಿಯುವುದಾದರೂ ಹೇಗೆಂದು ಭಾಷಣಕಾರರು ತಿಳಿದುಕೊಳ್ಳಲಿ.

ಬಟ್ಟೆ 80 ಸೆಂಟಿಮೀಟರ್, ತೋಳು ಉದ್ದವಾದರೆ ಒಂದು ಮೀಟರ್. ಲೈನಿಂಗನ್ನು ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನ ಹತ್ತಿ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಐದು ಸಾವಿರ ವರ್ಷ ಬಾಳಿದ್ದು ಒಂದು ಬಕೆಟ್ ನೀರಿಗೆ ಸೋಲಬಾರದಲ್ಲ! ಎದೆಯ ಆಕಾರಕ್ಕೆಂದು ಬಟ್ಟೆ ಮಡಿಸಿ ಹಾಕುವ ಚೂಪು ಹೊಲಿಗೆ, ಅಂದರೆ ಡಾರ್ಟು; ಅದರ ಮೊನೆ ಎದೆಯ ತುದಿಗಿಂತ ಸುಮಾರು ಒಂದಿಂಚು ಹಿಂದೆಯೇ ನಿಲ್ಲಲಿ, ದಾಟಿದರೆ ಅಲ್ಲಿ ಚೂಪಾಗಿ ಏಳುತ್ತದೆ. ಕಂಕುಳ ಹತ್ತಿರ ತೀರಾ ಕೆಳಗೆ ಕತ್ತರಿಸಿದರೆ ಕೈ ಎತ್ತಿದಾಗಲೆಲ್ಲ ರವಿಕೆಯೂ ಜೊತೆಗೇ ಎದ್ದು ನಿಲ್ಲುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದೊಂದಿಂಚು ಮಾರ್ಜಿನ್ ಬಿಡಿ. ಸಂಸ್ಕೃತಿ ಬದಲಾಗದಿದ್ದರೂ ಮೈ ಬದಲಾಗುತ್ತದೆ.

ಮುಂದೆ ಐದು ಹುಕ್ಕು. ಸೆರಗಿಗೆ ಸೇಫ್ಟಿ ಪಿನ್ನು. ಅದರ ಪೇಟೆಂಟ್ 1849ರಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಪಡೆದದ್ದು. ಋಷಿಯ ಗೋತ್ರ ಗೊತ್ತಿಲ್ಲ.

ಲಂಗಕ್ಕೆ ಎರಡು ಮೀಟರ್ ಪಾಪ್ಲಿನ್, ಮತ್ತೊಂದು ಲಾಡಿ. ನೆರಿಗೆಯ ಭಾರವೆಲ್ಲ ಆ ಲಾಡಿಯ ಮೇಲೆ. ಉತ್ತರ ಕರ್ನಾಟಕದಲ್ಲಿ ಒಂಬತ್ತು ಗಜದ ಸೀರೆಗೆ ಕಚ್ಚೆ ಹಾಕಿ ಹೊಲದಲ್ಲಿ ದುಡಿದ ಅಜ್ಜಿಯರಿಗೆ ಲಂಗ ಬೇಕಿರಲಿಲ್ಲ. ಖಣದ ಕುಬಸಕ್ಕೆ ಮುಂದೆ ಒಂದು ಗಂಟು ಬಿಗಿದರೆ ಮುಗಿಯಿತು. ಹುಕ್ಕಿಲ್ಲ, ಲಾಡಿಯಿಲ್ಲ, ಅಂದರೆ ಸಂಸ್ಕೃತಿಯೂ ಇಲ್ಲ. ಪಾಪ, ಅಜ್ಜಿಯರಿಗೆ ಯಾರೂ ಹೇಳಲಿಲ್ಲ. ಕಂಚುಕ, ಕುಪ್ಪಸ ಹಳೆಯವೇ, ತಕರಾರಿಲ್ಲ. ಡಾರ್ಟು, ಲೈನಿಂಗು ಹಳೆಯವಲ್ಲ.

ಲಂಗ, ರವಿಕೆಯ ಜೊತೆ ಸೀರೆಯುಟ್ಟು ಎಡಭುಜದ ಮೇಲೆ ಸೆರಗು ಹೊದೆಯುವ ರೀತಿಯನ್ನು ಬಂಗಾಳದ ಮನೆಗಳಿಗೆ ಒಯ್ದವರು ಜ್ಞಾನದಾನಂದಿನಿ ದೇವಿ. ಬ್ರಿಟಿಷ್ ಆಡಳಿತದ ಉನ್ನತ ಹುದ್ದೆಗಳ ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರ ಹೆಂಡತಿ. 1860ರ ದಶಕದಲ್ಲಿ ಗಂಡನ ಜೊತೆ ಬೊಂಬಾಯಿಗೆ ಬಂದಾಗ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ ಕಲಿತರು. ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಈ ಉಡುಗೆಯ ವಯಸ್ಸು ಲೆಕ್ಕ ಹಾಕಿದರೆ ಸುಮಾರು ನೂರಾ ಅರವತ್ತು ವರ್ಷ. ಉಳಿದ ನಾಲ್ಕು ಸಾವಿರದ ಎಂಟುನೂರ ನಲವತ್ತು ವರ್ಷ ಮೈಕಿನ ಖರ್ಚಿಗೆ ಹೋಯಿತು.

ಅದಕ್ಕೆ ಕೆಲವೇ ವರ್ಷ ಮೊದಲು ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಏಟು ತಿನ್ನುತ್ತಿದ್ದರು. 1859ರಲ್ಲಿ ರಾಜಾಜ್ಞೆ ಸಿಕ್ಕಿತು, ಆದರೆ ಮೇಲ್ಜಾತಿಯವರಂತೆ ಹೊದೆಯಬಾರದು ಎಂಬ ಷರತ್ತಿನೊಂದಿಗೆ. ಮುಚ್ಚಿದರೆ ಸಂಸ್ಕೃತಿ ಕೆಡುತ್ತದೆ ಎಂದು ಆಗ ಗಲಾಟೆ, ಮುಚ್ಚದಿದ್ದರೆ ಕೆಡುತ್ತದೆ ಎಂದು ಈಗ.

ಇನ್ನುಳಿದದ್ದು ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಮೈತುಂಬ ಒಡವೆ ಹಾಕಿ, ರವಿಕೆ ತೊಡದೆ ನಿಂತ ಮದನಿಕೆಯರಿಗೂ ವಸ್ತ್ರಸಂಹಿತೆಯವರು ಒಂದೊಂದು ಪೀಸು ಕಳಿಸಲಿ. ತಲಾ 80 ಸೆಂಟಿಮೀಟರ್ ಸಾಕು. ಬಳಪದ ಕಲ್ಲಿನ ಮೈ. ಮಾರ್ಜಿನ್ ಬಿಡುವ ಅಗತ್ಯವಿಲ್ಲ.