ಭಾರತದ ಮೊದಲ ಕಂಪ್ಯೂಟರ್ ಕಟ್ಟಿದ್ದು ರಾಜಾರಾಮನ್ ಅಲ್ಲ

ಕಂಪ್ಯೂಟರ್ ವಿಜ್ಞಾನಿ ಪ್ರೊ. ವಿ. ರಾಜಾರಾಮನ್ ಭಾರತದ ಮೊದಲ ಕಂಪ್ಯೂಟರ್ ಕಟ್ಟಿದರು ಎಂಬ ಸಂದೇಶ ಹರಿದಾಡುತ್ತಿದೆ. ಅಭಿಮಾನ ಸರಿ, ಮಾಹಿತಿ ತಪ್ಪು.

ದೇಶದಲ್ಲೇ ವಿನ್ಯಾಸಗೊಂಡ ಮೊದಲ ಡಿಜಿಟಲ್ ಕಂಪ್ಯೂಟರ್ ಟಿಫ್ರಾಕ್. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಇದನ್ನು ಕಟ್ಟಿತು. ಪ್ರಾಯೋಗಿಕ ಯಂತ್ರ 1956ರಲ್ಲಿ ಓಡಿತು, ಪೂರ್ಣ ಯಂತ್ರ 1960ರಲ್ಲಿ. ಟಿಫ್ರಾಕ್ ಎಂಬ ಹೆಸರನ್ನು 1962ರಲ್ಲಿ ನೆಹರೂ ಇಟ್ಟರು. ಒಳಗೆ ಸುಮಾರು 2,700 ನಿರ್ವಾತ ಕೊಳವೆಗಳು, ಮೆಮೊರಿ ಸುಮಾರು 10 ಕಿಲೋಬೈಟ್ ಅಷ್ಟೇ! ಪೂರ್ಣ ಯಂತ್ರ ಓಡಿದಾಗ ರಾಜಾರಾಮನ್ ಇಲ್ಲಿ ಇರಲೇ ಇಲ್ಲ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು.

ಗೊಂದಲ ಯಾಕೆ ಅಂತ ಊಹಿಸಬಹುದು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಲಾಗ್ ಕಂಪ್ಯೂಟರ್ ಕೆಲಸದಲ್ಲಿ ತೊಡಗಿದ್ದರು. ಅದು ಬೇರೆಯೇ ಜಾತಿಯ ಯಂತ್ರ, ಅಂಕಿಗಳ ಬದಲು ವೋಲ್ಟೇಜ್‌ನಂಥ ಅಳತೆಗಳಿಂದ ಲೆಕ್ಕ ಮಾಡುವಂಥದ್ದು.

ಅವರ ನಿಜವಾದ ಸಾಧನೆ ಪಾಠದ್ದು. 1963ರಲ್ಲಿ ಕಾನ್ಪುರ ಐಐಟಿ ಸೇರಿದರು. 1965ರಲ್ಲಿ ಅಲ್ಲಿ ಎಂ.ಟೆಕ್ ಮಟ್ಟದಲ್ಲಿ ಕಂಪ್ಯೂಟರ್ ವಿಜ್ಞಾನದ ಬೋಧನೆ ಶುರುವಾಯಿತು. ದೇಶದಲ್ಲಿ ಇದೇ ಮೊದಲು. ವಿದ್ಯಾರ್ಥಿಗಳ ಕೈಗೆಟಕುವ ಬೆಲೆಯಲ್ಲಿ ಪಠ್ಯಪುಸ್ತಕ ಬರೆದರು. ಎಂಸಿಎ (ಮಾಸ್ಟರ್ ಆಫ್ ಕಂಪ್ಯೂಟರ್ ಅಪ್ಲಿಕೇಷನ್ಸ್) ಕೋರ್ಸ್ ಹುಟ್ಟಿದ್ದೂ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಿಂದ. ಎಂಸಿಎ ಓದಿದವರಿಗೇ ಇದು ಗೊತ್ತಿಲ್ಲ, ಅಲ್ವಾ? 1982ರಿಂದ 1994ರವರೆಗೆ ಮತ್ತೆ ಬೆಂಗಳೂರಿನಲ್ಲಿ, ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರವನ್ನು ನಡೆಸಿದರು. ಪದ್ಮಭೂಷಣ ಬಂದದ್ದು 1998ರಲ್ಲಿ.

ಇನ್ನು ದೇಶದಲ್ಲೇ ತಯಾರಾದ 'ಪರಮ್' ಸೂಪರ್‌ಕಂಪ್ಯೂಟರ್ ಕೂಡ ಅವರದ್ದಲ್ಲ. ಅದು ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ರಲ್ಲಿ ತಯಾರಾದದ್ದು.