ಚಿಂಪಾಂಜಿಯನ್ನು ‘ಹೋಮೋ’ ಕುಲಕ್ಕೆ ಸೇರಿಸಬೇಕೆ?

ಪರ: ಗೋಡೆ ನಿಂತಿರುವುದು ಅಂಜಿಕೆಯ ಮೇಲೆ

ಮನುಷ್ಯನಿಗೆ ಹೋಮೋ ಸೇಪಿಯನ್ಸ್ ಎಂದು ಹೆಸರಿಟ್ಟ ಕಾರ್ಲ್ ಲಿನೇಯಸ್ ಅವರಿಗೇ ಮನುಷ್ಯನಿಗೂ ವಾನರನಿಗೂ ನಡುವೆ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿದಿರಲಿಲ್ಲ. ಉಳಿದ ಪ್ರಾಣಿಗಳಿಗೆ ಹಲ್ಲು, ಮೊಲೆ ಎಂದು ಲಕ್ಷಣ ಬರೆದವರು ‘ಹೋಮೋ’ ಎಂಬ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಎದುರಿಗೆ ಬರೆದದ್ದು ‘ನಿನ್ನನ್ನು ನೀನು ಅರಿ’ ಎಂಬ ಲ್ಯಾಟಿನ್ ಮಾತು. ಮನುಷ್ಯ, ವಾನರ ಎರಡನ್ನೂ ಬೇರೆ ಕುಲಗಳಾಗಿ ಒಡೆಯುವ ಒಂದು ಲಕ್ಷಣವಿದ್ದರೆ ತೋರಿಸಿ ಎಂದು 1747ರಲ್ಲಿ ಗ್ಮೆಲಿನ್ ಎಂಬ ವಿಜ್ಞಾನಿಗೆ ಪತ್ರ ಬರೆದರು. ತಮಗಂತೂ ಕಂಡಿಲ್ಲ, ಮನುಷ್ಯನನ್ನು ವಾನರ ಎಂದರೆ ಧರ್ಮಶಾಸ್ತ್ರಿಗಳು ಮೈಮೇಲೆ ಬೀಳುತ್ತಾರೆ ಎಂದೂ ಅದರಲ್ಲಿ ಹೇಳಿಕೊಂಡರು. ಆಗ ಎದ್ದ ಗೋಡೆ ಇವತ್ತಿಗೂ ಹಾಗೇ ಇದೆ.

ಅವರ ಕೈಯಲ್ಲಿ ಇಲ್ಲದ ಸಾಕ್ಷ್ಯ ನಮ್ಮ ಬಳಿ ಇದೆ. 2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ಣ ಸಾಲು, ಪ್ರಕಟವಾದಾಗ, ಡಿಎನ್‌ಎಯನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿ ನೋಡಬಹುದಾದ ಕಡೆ ನಮಗೂ ಅದಕ್ಕೂ ಇರುವ ವ್ಯತ್ಯಾಸ ಶೇ. 1.23 ಎಂದು ಗೊತ್ತಾಯಿತು. ಚಿಂಪಾಂಜಿಗೆ ಗೊರಿಲ್ಲಾಗಿಂತ ನಾವೇ ಹತ್ತಿರದ ನೆಂಟರು. ‘ನಮಗೆ 46 ಕ್ರೋಮೋಸೋಮು, ಅದಕ್ಕೆ 48’ ಎಂದು ವಾದಿಸುವವರು ನಮ್ಮ ಎರಡನೆಯ ಕ್ರೋಮೋಸೋಮನ್ನು ನೋಡಬೇಕು. ಕ್ರೋಮೋಸೋಮುಗಳ ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸಾಲುಗಳು ಅದರ ಒಡಲಿನ ಮಧ್ಯೆ ಸಿಗುತ್ತವೆ, ಎದುರುಬದುರಾಗಿ. ವಾನರಗಳಲ್ಲಿ ಇಂದಿಗೂ ಬೇರೆಬೇರೆಯಾಗಿರುವ ಎರಡು ಕ್ರೋಮೋಸೋಮುಗಳು ನಮ್ಮ ಪೂರ್ವಜರಲ್ಲಿ ತುದಿಗೆ ತುದಿ ಬೆಸೆದುಕೊಂಡ ಗುರುತು ಅದು. ಕುದುರೆಗೆ 64, ಕತ್ತೆಗೆ 62 ಕ್ರೋಮೋಸೋಮು. ಎರಡೂ ಇಕ್ವಸ್ ಕುಲದವೇ ಆಗಿ ಯಾರ ತಕರಾರೂ ಇಲ್ಲದೆ ಬಂದಿವೆ.

2003ರಲ್ಲಿ ಮೋರಿಸ್ ಗುಡ್‌ಮನ್ ಮತ್ತು ಸಂಗಡಿಗರು ಮನುಷ್ಯ, ಚಿಂಪಾಂಜಿಗಳ 97 ಜೀನ್‌ಗಳನ್ನು ಹೋಲಿಸಿ, ಪ್ರೋಟೀನನ್ನು ಬದಲಿಸಬಲ್ಲ ತಾಣಗಳಲ್ಲಿ ಎರಡೂ ಶೇ. 99.4ರಷ್ಟು ಒಂದೇ ಎಂದು ತೋರಿಸಿದರು. ಚಿಂಪಾಂಜಿ, ಅದರ ಹತ್ತಿರದ ನೆಂಟ ಬೊನೊಬೊ ಎರಡನ್ನೂ ಹೋಮೋ ಕುಲಕ್ಕೆ ತರಬೇಕೆಂಬುದು ಅವರ ಪ್ರಸ್ತಾವ. ಹೋಮೋ 1758ರ ಹೆಸರು, ಚಿಂಪಾಂಜಿ ಈಗಿರುವ ಕುಲದ ಹೆಸರಾದ ಪ್ಯಾನ್ 1816ರದು. ಕುಲಗಳು ಒಂದಾದರೆ ಹಳೆಯ ಹೆಸರೇ ಉಳಿಯಬೇಕು. ಜೀರುಂಡೆಗೋ ಇಲಿಗೋ ಈ ಪುರಾವೆ ಸಿಕ್ಕಿದ್ದರೆ ಇಷ್ಟು ಹಿಂಜರಿಯುತ್ತಿದ್ದೆವೆ? ನಮ್ಮ ವಿಷಯಕ್ಕೆ ಬಂದಾಗ ಮಾತ್ರ ಅಳತೆಗೋಲು ಬದಲಾಗುತ್ತಿದೆ, ಅದೇ ನನ್ನ ಆಕ್ಷೇಪ.

ವಿರೋಧ: ಸೊಂಟದ ಮೂಳೆಯನ್ನೂ ಕೇಳಿ

ಚಿಂಪಾಂಜಿ ನಮ್ಮ ಹತ್ತಿರದ ನೆಂಟ ಎಂಬುದನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಹಿಂದೆ ಗೊರಿಲ್ಲಾ, ಒರಾಂಗುಟಾನ್, ಚಿಂಪಾಂಜಿಗಳನ್ನು ಒಂದು ಕುಟುಂಬಕ್ಕೆ ಹಾಕಿ ಮನುಷ್ಯನಿಗೆ ಪ್ರತ್ಯೇಕ ಕುಟುಂಬ ಕೊಟ್ಟಿದ್ದರು. ಅದು ವಂಶವೃಕ್ಷಕ್ಕೆ ವಿರುದ್ಧವಾಗಿತ್ತು, ಬಿಟ್ಟದ್ದು ಸರಿ. ಆದರೆ ಹೋಮೋ ಮತ್ತು ಪ್ಯಾನ್ ಬೇರೆ ಇದ್ದರೆ ವೃಕ್ಷದ ಯಾವ ಕೊಂಬೆಯೂ ತಪ್ಪುವುದಿಲ್ಲ. ಅವು ಅಕ್ಕಪಕ್ಕದ ಎರಡು ಕವಲುಗಳು. ಹಾಗಿದ್ದ ಮೇಲೆ ಬದಲಾವಣೆಯಿಂದ ಸರಿಪಡಿಸುವುದಾದರೂ ಏನನ್ನು?

ಕಳೆದುಕೊಳ್ಳುವುದು ಮಾತ್ರ ತುಂಬ ಇದೆ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಕವಲೊಡೆದ ಮೇಲೆ ನಮ್ಮ ಕಡೆ ಏನಾಯಿತೆಂಬುದನ್ನು ಮೂಳೆಗಳು ಹೇಳುತ್ತವೆ. ಚಿಂಪಾಂಜಿಯ ಸೊಂಟದ ಮೂಳೆಯ ಮೇಲ್ಭಾಗ ಉದ್ದ, ಚಪ್ಪಟೆ, ಬೆನ್ನಿಗೆ ಅಂಟಿದಂತೆ ನೆಟ್ಟಗಿರುತ್ತದೆ. ನಮ್ಮದು ಗಿಡ್ಡ, ಅಗಲ. ಬೋಗುಣಿಯ ಹಾಗೆ ಪಕ್ಕಕ್ಕೆ ಬಾಗಿರುತ್ತದೆ. ಇದರಿಂದಲೇ ಒಂದು ಕಾಲೆತ್ತಿದಾಗ ಪಕ್ಕದ ಸ್ನಾಯುಗಳು ದೇಹ ವಾಲದಂತೆ ಹಿಡಿದು ನಿಲ್ಲಿಸುತ್ತವೆ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ಪಳೆಯುಳಿಕೆ ‘ಲೂಸಿ’ಯ ಮಿದುಳು ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ, ಸೊಂಟ ಮಾತ್ರ ಆಗಲೇ ನಮ್ಮ ಬಗೆಯದು. ಅವಳದು ಆಸ್ಟ್ರಲೋಪಿಥೆಕಸ್ ಕುಲ. ಚಿಂಪಾಂಜಿ ಹೋಮೋ ಆದರೆ ಅದಕ್ಕಿಂತ ನಮಗೆ ಹತ್ತಿರವಿರುವ, ಅಳಿದುಹೋದ ಕುಲಗಳಾದ ಆಸ್ಟ್ರಲೋಪಿಥೆಕಸ್, ಪ್ಯಾರಾಂಥ್ರೋಪಸ್, ಆರ್ಡಿಪಿಥೆಕಸ್ ಎಲ್ಲವೂ ಹೋಮೋ ಆಗಲೇಬೇಕು. ಎದ್ದು ನಿಂತದ್ದು, ದವಡೆ ಬದಲಾದದ್ದು, ಮಿದುಳು ಬೆಳೆದದ್ದು ಎಲ್ಲ ಒಂದೇ ಕುಲದೊಳಗೆ ಕಲಸಿಹೋಗುತ್ತದೆ. 1950ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಅವರು ಆಸ್ಟ್ರಲೋಪಿಥೆಕಸ್ಸನ್ನು ಹೋಮೋದೊಳಕ್ಕೆ ಸೇರಿಸಲು ಹೊರಟಿದ್ದರು. ಮುಂದೆ ಅವರೇ ಹಿಂದೆ ಸರಿದರು.

ಇನ್ನು ಶೇಕಡಾವಾರು. ಶೇ. 1.23 ಎಂಬುದು ಒಂದೊಂದೇ ಅಕ್ಷರದ ಬದಲಾವಣೆಯ ಲೆಕ್ಕ. ಸೇರಿದ, ಬಿಟ್ಟುಹೋದ ತುಣುಕುಗಳೂ ಸೇರಿದರೆ ವ್ಯತ್ಯಾಸ ಹಿಗ್ಗುತ್ತದೆ. 1975ರಲ್ಲೇ ವಿಜ್ಞಾನಿಗಳಾದ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್, ಪ್ರೋಟೀನುಗಳು ಇಷ್ಟು ಒಂದೇ ತೆರನಾಗಿದ್ದರೂ ದೇಹ, ನಡವಳಿಕೆ ಇಷ್ಟು ಬೇರೆ ಇರುವುದಕ್ಕೆ ಜೀನ್‌ಗಳ ನಿಯಂತ್ರಣ ಬದಲಾದದ್ದೇ ಮುಖ್ಯ ಕಾರಣವಿರಬೇಕು ಎಂದಿದ್ದರು. ಕುಲ ಎಷ್ಟು ಹಳೆಯದಿರಬೇಕು, ಡಿಎನ್‌ಎ ಎಷ್ಟು ಹೋಲಬೇಕು ಎಂಬ ನಿಯಮ ಪ್ರಾಣಿಶಾಸ್ತ್ರದಲ್ಲಿ ಇಲ್ಲ. ಡ್ರೊಸೊಫಿಲಾ ಎಂಬ ಒಂದೇ ಕುಲದ ನೊಣಗಳು ಕೋಟಿಗಟ್ಟಲೆ ವರ್ಷಗಳ ಹಿಂದೆ ಕವಲೊಡೆದವು. ಹಾಗಾಗಿ ಅಳತೆಗೋಲು ಮನುಷ್ಯನಿಗೆ ಮಾತ್ರ ಬದಲಾಗಿದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲ.

ಹೆಸರಿನದೇ ಒಂದು ತೊಡಕೂ ಇದೆ. ಚಿಂಪಾಂಜಿಯ ಈಗಿನ ಹೆಸರು ಪ್ಯಾನ್ ಟ್ರೋಗ್ಲೋಡೈಟೀಸ್, ಕುಲ ಬದಲಾದರೆ ಅದು ಹೋಮೋ ಟ್ರೋಗ್ಲೋಡೈಟೀಸ್ ಆಗಬೇಕು. ಆದರೆ ಆ ಹೆಸರನ್ನು ಲಿನೇಯಸ್ 1758ರಲ್ಲೇ, ಪ್ರವಾಸಿಗರ ಕಥೆಗಳಿಂದ ಕೂಡಿಸಿಕೊಂಡ ಒಂದು ಜೀವಿಗೆ ಕೊಟ್ಟಾಗಿತ್ತು. ಒಂದೇ ಕುಲದಲ್ಲಿ ಒಂದೇ ಹೆಸರು ಎರಡು ಪ್ರಭೇದಗಳಿಗೆ ಸಲ್ಲದು.

ಹೋಮೋ ಎಂದರೆ ಜನ ಚಿಂಪಾಂಜಿಯನ್ನು ಹೆಚ್ಚು ಕಾಳಜಿಯಿಂದ ನೋಡುತ್ತಾರೆ ಎನ್ನುವವರ ಕಳಕಳಿ ನನ್ನದೂ ಹೌದು. ಆದರೆ ಪ್ಯಾನ್ ಎಂಬ ಹೆಸರಿನಲ್ಲೇ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತ್ಯಂತ ಬಿಗಿಯಾದ ಮೊದಲ ಅನುಬಂಧದಲ್ಲೂ ಇದೆ. ಕಾಡು ಕಡಿಯುವುದು, ಮಾಂಸಕ್ಕಾಗಿ ಬೇಟೆಯಾಡುವುದು, ರೋಗ ಹರಡುವುದು ಅದನ್ನು ಕೊಲ್ಲುತ್ತಿವೆ. ಹಣ, ಕಾವಲು ಬೇಕಾಗಿರುವುದು ಅಲ್ಲಿ.